ತಗಡಿಗೆ ಕತ್ತರಿ ಹಾಕುವ ಮೊದಲು

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ, ಅದರಲ್ಲೂ ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಂದ, ಈ ಅಂಕಣಕ್ಕೆ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ‘ಅರವತ್ತರ ದಶಕದ ಮಸ್ಟಾಂಗ್ ಕೊಂಡಿದ್ದೇನೆ ಸಾರ್, ಎಂಜಿನ್ನು ಬ್ರೇಕು ಎಲ್ಲ ಹೊಸದು ಹಾಕಿಸುತ್ತಿದ್ದೇನೆ. ಬಾಡಿಯೂ ನನ್ನದೇ ರೀತಿಯಲ್ಲಿ ಇರಬೇಕು, ಎಲ್ಲಿಂದ ಶುರು ಮಾಡಲಿ?’ ಕೆಲವರದು ಮಸ್ಟಾಂಗ್, ಕೆಲವರದು ಕ್ಯಾಮರೊ, ಒಬ್ಬಿಬ್ಬರದು ಡಾಜ್ ಚಾರ್ಜರ್. ಪ್ರಶ್ನೆ ಮಾತ್ರ ಒಂದೇ.

ಎಂಜಿನ್ ವಿಷಯಕ್ಕೆ ಉತ್ತರ ಹೇಳುವುದು ಸುಲಭ. ಅಶ್ವಶಕ್ತಿಗೆ ಲೆಕ್ಕವಿದೆ, ಬ್ರೇಕು ಹಿಡಿಯುವ ದೂರಕ್ಕೆ ಅಳತೆಯಿದೆ. ಬಾಡಿಗೆ ಅಂಥ ಅಳತೆಗೋಲಿಲ್ಲ. ಆದರೂ ಅದು ಬರೀ ರುಚಿಯ ಪ್ರಶ್ನೆ, ಯಾರಿಗೆ ಹೇಗೆ ಬೇಕೋ ಹಾಗೆ ಮಾಡಿಸಿಕೊಳ್ಳಲಿ ಎಂದು ಬಿಟ್ಟುಬಿಡುವುದನ್ನು ನಾನು ಒಪ್ಪುವುದಿಲ್ಲ. ಕಾರಿನ ಹತ್ತಿರ ಹೋಗಿ ನಿಂತು, ಇದರಲ್ಲಿ ವಿನ್ಯಾಸಕಾರ ಬಯಸಿ ಬರೆದದ್ದು ಯಾವುದು, ಖರ್ಚಿಗೋ ಕಾನೂನಿಗೋ ಪ್ರೆಸ್ ಯಂತ್ರದ ಮಿತಿಗೋ ಕಟ್ಟುಬಿದ್ದು ಸೇರಿಕೊಂಡದ್ದು ಯಾವುದು ಎಂದು ಮೊದಲು ಬೇರ್ಪಡಿಸಬೇಕು. ಎರಡನೆಯದರ ಮೇಲೆ ಎಷ್ಟು ಬೇಕಾದರೂ ಕೈಯಾಡಿಸಿ. ಮೊದಲನೆಯದನ್ನು ಮುಟ್ಟುವುದಾದರೆ ಗಟ್ಟಿ ಕಾರಣ ಇರಲಿ. ನಾನು ನೋಡಿ ಮೆಚ್ಚಿದ ಕಾರುಗಳೆಲ್ಲ ಹೀಗೆಯೇ ಆದವು. ನೋಡಿ ನೊಂದ ಕಾರುಗಳಲ್ಲಿ ಬಹುಪಾಲು ಈ ಎರಡನ್ನು ಬೇರ್ಪಡಿಸದೆ ಕೈಹಾಕಿದವು.

ಹೀಗೆ ಬೇರ್ಪಡಿಸಬೇಕಾಗಿರುವುದಕ್ಕೆ, ಮಸಲ್ ಕಾರುಗಳು ಎಂದು ಕರೆಯುವ ಈ ಕಾರುಗಳು ಹುಟ್ಟಿದ ರೀತಿಯೇ ಕಾರಣ. 1964ರಲ್ಲಿ ಪಾಂಟಿಯಾಕ್ ಕಂಪನಿಯ ಜಾನ್ ಡಿಲೋರಿಯನ್ ಮತ್ತು ಅವರ ಎಂಜಿನಿಯರುಗಳು ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಸಾಧಾರಣ ಕಾರಿಗೆ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ವಿ8 ಎಂಜಿನ್ ಕೂರಿಸಿ ಜಿಟಿಒ ಎಂದು ಹೆಸರಿಟ್ಟರು. ಮಸಲ್ ಕಾರುಗಳ ಯುಗ ಅಲ್ಲಿಂದ ಲೆಕ್ಕ. ಎಂಜಿನ್ ದೈತ್ಯ, ಬಾಡಿ ಮಾತ್ರ ಸಂಸಾರಸ್ಥರ ಕಾರಿನದು. ಅದೇ ಅಚ್ಚು, ಅದೇ ಬಾಗಿಲು, ಅದೇ ಬಂಪರು. ಆ ವರ್ಷದ ಜಿಟಿಒ ಬಾನೆಟ್ಟಿನ ಮೇಲೆ ಎರಡು ಗಾಳಿಬಾಯಿಗಳಿದ್ದವು. ಅವುಗಳೊಳಗೆ ಗಾಳಿ ಹೋಗಲು ದಾರಿಯೇ ಇರಲಿಲ್ಲ, ತೋರಿಕೆಗಷ್ಟೇ ಕೂರಿಸಿದ್ದರು. ಕೈಗೆಟುಕುವ ಬೆಲೆಗೆ ವೇಗ ಕೊಡಬೇಕೆಂದು ಹೊರಟವರು ತಗಡಿನಲ್ಲಿ ಕಾಸು ಉಳಿಸಿದರು. ಇಂದು ನಮ್ಮ ಕೈಯಲ್ಲಿ ಹಣವೂ ಸಮಯವೂ ಇದ್ದರೆ, ಅಂದು ಉಳಿಸಿದ ಆ ಕಾಸಿನ ಜಾಗದಲ್ಲಿ ನಮಗೆ ಕೆಲಸವಿದೆ.

ವಿನ್ಯಾಸಕಾರ ಬಯಸಿ ಬರೆದ ಗೆರೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ 1968ರ ಡಾಜ್ ಚಾರ್ಜರನ್ನು ಪಕ್ಕದಿಂದ ನೋಡಬೇಕು. ರಿಚರ್ಡ್ ಸಾಯಸ್ ಬರೆದ ಆಕಾರ ಅದು. ಮುಂದಿನ ಚಕ್ರದ ಮೇಲೆ ಉಬ್ಬಿದ ಮೈ ಬಾಗಿಲಿನ ಬಳಿ ಸೊಂಟದಂತೆ ಒಳಸರಿದು, ಹಿಂದಿನ ಚಕ್ರದ ಮೇಲೆ ಮತ್ತೆ ಉಬ್ಬಿ ನಿಲ್ಲುತ್ತದೆ. ಹಿಂಬದಿಯ ಗಾಜು ಎರಡು ಇಳಿಜಾರು ಕಂಬಗಳ ನಡುವೆ ಒಳಗೆ ಕೂತಿದೆ. ಮುಂದಿನ ಗ್ರಿಲ್ಲು ಕೂಡ ಒಳಕ್ಕೆ ಸರಿದು, ದೀಪಗಳು ಮುಚ್ಚಳದ ಹಿಂದೆ ಅಡಗಿ, ಕತ್ತಲ ಗವಿಯಂತೆ ಕಾಣುತ್ತದೆ. ಈ ಮೂರರಲ್ಲಿ ಒಂದು ಹೋದರೂ ಅದು ಚಾರ್ಜರ್ ಅನಿಸುವುದಿಲ್ಲ.

ಆದರೆ ಡಾಜ್‌ನ ಮಾತೃಸಂಸ್ಥೆಯಾದ ಕ್ರೈಸ್ಲರ್ ಕಂಪನಿಯೇ ಸ್ವತಃ ಆ ಗೆರೆಗಳಿಗೆ ಕತ್ತರಿ ಹಾಕಬೇಕಾಯಿತು. ನಾಸ್ಕಾರ್ ರೇಸಿನ ಉದ್ದನೆಯ ಟ್ರ್ಯಾಕುಗಳಲ್ಲಿ ಒಳಸರಿದ ಗ್ರಿಲ್ಲು ಗಾಳಿಯನ್ನು ಹಿಡಿದು ನಿಲ್ಲಿಸುತ್ತಿತ್ತು, ಒಳಗೆ ಕೂತ ಹಿಂಗಾಜಿನ ಮೇಲೆ ಗಾಳಿ ಸುಳಿಗಟ್ಟಿ ಕಾರಿನ ಬಾಲವನ್ನು ಮೇಲಕ್ಕೆತ್ತುತ್ತಿತ್ತು. 1969ರಲ್ಲಿ ಚಾರ್ಜರ್ 500 ಬಂತು. ಡಾಜ್ ಮನೆತನದ್ದೇ ಆದ ಕೊರೊನೆಟ್ ಕಾರಿನ ಗ್ರಿಲ್ಲನ್ನು ತಂದು ಮುಂಭಾಗಕ್ಕೆ ಸಮನಾಗಿ ಕೂರಿಸಿದರು. ಹಿಂಗಾಜನ್ನು ಕಂಬಗಳ ಮಟ್ಟಕ್ಕೆ ಎತ್ತಿ, ಡಿಕ್ಕಿಯ ಮುಚ್ಚಳವನ್ನು ಗಿಡ್ಡ ಮಾಡಿದರು. ಅದೂ ಸಾಲದೆ ಅದೇ ವರ್ಷ ಚಾರ್ಜರ್ ಡೇಟೋನಾ ಬಂತು: ಮುಂದೆ ಸುಮಾರು 18 ಅಂಗುಲದ ಚೂಪು ಮೂತಿ, ಹಿಂದೆ ಡಿಕ್ಕಿಯ ಮೇಲೆ ಸುಮಾರು 23 ಅಂಗುಲ ಎತ್ತರದ ರೆಕ್ಕೆ. 1970ರ ಮಾರ್ಚ್ 24ರಂದು ಟಲಡೇಗ ಟ್ರ್ಯಾಕಿನಲ್ಲಿ ಬಡ್ಡಿ ಬೇಕರ್ ಇದೇ ಮಾದರಿಯ ಕಾರಿನಲ್ಲಿ ಗಂಟೆಗೆ 200 ಮೈಲಿ ವೇಗ ದಾಟಿದರು. ಕಂಪನಿಯವರು ಆ ಮೂತಿ, ಆ ರೆಕ್ಕೆ ಹಚ್ಚಿದ್ದು ಗಾಳಿ ಸುರಂಗದಲ್ಲಿ ಪರೀಕ್ಷಿಸಿ. ಗಾಳಿ ಕೇಳದ ಯಾವ ಗೆರೆಯನ್ನೂ ಅವರು ಮುಟ್ಟಲಿಲ್ಲ. ಸೊಂಟದ ಆ ಒಳಬಾಗು ಡೇಟೋನಾದಲ್ಲೂ ಹಾಗೆಯೇ ಇದೆ. ಗಟ್ಟಿ ಕಾರಣ ಎಂದು ನಾನು ಹೇಳುವುದು ಇಂಥದನ್ನು.

ಈಗ ಕಟ್ಟುಬಿದ್ದು ಸೇರಿಕೊಂಡವುಗಳ ಕಡೆ ನೋಡೋಣ. ಮೊದಲ ಸ್ಥಾನ ಬಂಪರಿನದು. ಆ ಕಾಲದ ಕ್ರೋಮ್ ಬಂಪರು ಬಾಡಿಯಿಂದ ಬೆರಳು ತೂರುವಷ್ಟು ಹೊರಗೆ, ಬ್ರಾಕೆಟ್ಟಿನ ಮೇಲೆ ನೇತಾಡುತ್ತದೆ. ಒಂದೊಂದು ಕಾರಿನಲ್ಲಿ ಒಂದೊಂದು ಅಳತೆಯ ಸಂದು. ವೇಗವಾಗಿ ಓಡುವ ಜೋಡಣೆ ಸಾಲಿನಲ್ಲಿ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಂಪರು ಬಾಡಿಗೆ ತಾಗಬಾರದಲ್ಲ, ಅದಕ್ಕೆ ಆ ಸಂದು. ಯಾವ ವಿನ್ಯಾಸಕಾರನೂ ತನ್ನ ಚಿತ್ರದಲ್ಲಿ ಅದನ್ನು ಬರೆದಿರುವುದಿಲ್ಲ. ಹಾಗಾಗಿ ಮೊದಲು ಮಾಡಿಸಬೇಕಾದ ಕೆಲಸ ಬಂಪರನ್ನು ಒಳಕ್ಕೆ ಎಳೆಸುವುದು. ಎರಡು ತುದಿಗಳನ್ನು ಕತ್ತರಿಸಿ ಮೈಯ ಬಾಗಿಗೆ ಒಪ್ಪುವಂತೆ ಬೆಸುಗೆ ಹಾಕುತ್ತಾರೆ. ಮುಖದ ಮೇಲಿನ ಬೋಲ್ಟ್ ತೂತುಗಳನ್ನು ಮುಚ್ಚಿ, ಹಿಂಬದಿಯಿಂದ ಹಿಡಿಸುತ್ತಾರೆ. ಆಮೇಲೆ ಮತ್ತೆ ಕ್ರೋಮ್ ಹಾಕಿಸುತ್ತಾರೆ. ನೋಡಿದವರಿಗೆ ಏನು ಬದಲಾಗಿದೆ ಎಂದು ಗೊತ್ತಾಗುವುದಿಲ್ಲ, ಆದರೆ ಇಡೀ ಕಾರು ಬಿಗಿಯಾಗಿ ಕಾಣುತ್ತದೆ. ಬಾಡಿಯ ಮೇಲೆ ಖರ್ಚು ಮಾಡುವ ಹಣದಲ್ಲಿ ಇಷ್ಟು ಫಲ ಕೊಡುವ ಕೆಲಸ ಬೇರೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರ್ಖಾನೆಯವರಿಗೂ ಈ ಆಸೆ ಇತ್ತು ಎನ್ನುವುದಕ್ಕೆ 1968ರ ಜಿಟಿಒ ಸಾಕ್ಷಿ. ಎಂಡ್ಯುರಾ ಎಂಬ ರಬ್ಬರಿನಂಥ ವಸ್ತುವಿನಿಂದ ಮಾಡಿ, ಮೈಬಣ್ಣವನ್ನೇ ಬಳಿದ ಮುಂಬದಿಯ ಬಂಪರು ಅದರಲ್ಲಿತ್ತು. ಟಿವಿ ಜಾಹೀರಾತಿನಲ್ಲಿ ಡಿಲೋರಿಯನ್ ಕಬ್ಬಿಣದ ಸಲಾಕೆ ಹಿಡಿದು ಆ ಮೂತಿಗೆ ಬಾರಿಸಿ, ಗೀರೂ ಬೀಳದ್ದನ್ನು ತೋರಿಸಿದರು. ಐದು ವರ್ಷದಲ್ಲಿ ಗಾಳಿ ತಿರುಗಿತು. 1973ರ ಮಾದರಿಗಳಿಗೆ ಗಂಟೆಗೆ 5 ಮೈಲಿ ವೇಗದ ಮುಂಬದಿಯ ಡಿಕ್ಕಿಯನ್ನು ತಾಳಬೇಕು ಎಂಬ ನಿಯಮ ಬಂದು, ಕಾರುಗಳ ಮೂತಿಗೆ ದಪ್ಪ ದಿಮ್ಮಿಗಳಂಥ ಬಂಪರು ಸೇರಿಕೊಂಡಿತು. ಎಪ್ಪತ್ತರ ದಶಕದ ನಡುವಿನ ಕಾರು ಕೊಂಡವರು ಅದೇ ಪೀಳಿಗೆಯ ಹಿಂದಿನ ವರ್ಷಗಳ ತೆಳು ಬಂಪರು ತಂದು ಹಾಕಿಸುವುದು ಇದಕ್ಕೇ.

ಎಲ್ಲ ಕಾನೂನಿನ ಭಾಗವನ್ನೂ ಕಿತ್ತೊಗೆಯಿರಿ ಎಂದು ಇದರ ಅರ್ಥವಲ್ಲ. 1968ರಿಂದ ಮಡ್‌ಗಾರ್ಡಿನ ಪಕ್ಕದಲ್ಲಿ ಪುಟ್ಟ ದೀಪ ಅಥವಾ ಪ್ರತಿಫಲಕ ಕಡ್ಡಾಯವಾಯಿತು. ಅದನ್ನು ಮುಚ್ಚಿ ನುಣುಪು ಮಾಡಿಸುವುದು ಅಲ್ಲಿನ ಗ್ಯಾರೇಜುಗಳಲ್ಲಿ ಮಾಮೂಲಿ. ಚಂದವೂ ಆಗುತ್ತದೆ. ಆದರೆ ರಾತ್ರಿ ಅಡ್ಡರಸ್ತೆಯಿಂದ ಬರುವವನಿಗೆ ನಿಮ್ಮ ಕಾರು ಅಡ್ಡಲಾಗಿ ನಿಂತಿದೆ ಎಂದು ತಿಳಿಸುವುದು ಅದೊಂದೇ. ರಸ್ತೆಗಿಳಿಯುವ ಕಾರಿನಲ್ಲಿ ಅದು ಇರಲಿ.

ಮಾಡಿನ ಅಂಚಿನ ನೀರುಗಾಲುವೆಯ ಕಥೆಯೂ ಹಾಗೇ. ಬಾಗಿಲಿನ ಮೇಲುಗಡೆ, ಮಾಡಿನ ಅಂಚಿನುದ್ದಕ್ಕೂ ಒಂದು ಸಣ್ಣ ತಗಡಿನ ಮಡಿಕೆ ಇರುತ್ತದೆ. ಅದನ್ನು ಉಜ್ಜಿ ತೆಗೆದರೆ ಮಾಡು ಕಂಬಗಳೊಳಗೆ ಕರಗಿದಂತೆ ಕಾಣುತ್ತದೆ, ನಿಜ. ಆದರೆ ಮಾಡಿನ ತಗಡೂ ಪಕ್ಕದ ತಗಡೂ ಸ್ಪಾಟ್ ವೆಲ್ಡಿಂಗಿನಿಂದ ಕೂಡಿಕೊಂಡಿರುವುದು ಆ ಮಡಿಕೆಯಲ್ಲೇ. ಅದನ್ನು ಕತ್ತರಿಸಿದರೆ ಆ ಸಂದಿಗೆ ಉದ್ದಕ್ಕೂ ಬೆಸುಗೆ ಹಾಕಬೇಕು. ಎಲ್ಲಾದರೂ ಕಣ್ತಪ್ಪಿ ಒಂದು ಸೂಜಿತೂತು ಉಳಿದರೂ ನೀರು ಕಂಬದೊಳಕ್ಕೆ ಇಳಿದು, ಮೂರ್ನಾಲ್ಕು ಮಳೆಗಾಲದಲ್ಲಿ ಬಣ್ಣದಡಿಯಿಂದ ತುಕ್ಕು ಮೇಲೇಳುತ್ತದೆ. ನನ್ನನ್ನು ಕೇಳಿದರೆ, ತೀರ ನುರಿತ ಕೈ ಸಿಗದ ಹೊರತು ಇದಕ್ಕೆ ಹೋಗಬೇಡಿ ಎನ್ನುತ್ತೇನೆ.

ತೆಗೆಯುವುದು ಸೇರಿಸುವುದಕ್ಕಿಂತ ದೊಡ್ಡ ವಿದ್ಯೆ ಎಂದು ನನಗೆ ಮನವರಿಕೆ ಮಾಡಿಸಿದವರು ಲ್ಯಾರಿ ಶಿನೋಡ. ಜಪಾನಿ ಮೂಲದ ಅಮೆರಿಕನ್ನರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಡುಗನಾಗಿದ್ದಾಗ ಮಂಜನಾರ್ ಬಂಧನ ಶಿಬಿರದಲ್ಲಿ ಇದ್ದವರು. ಮುಂದೆ ಜನರಲ್ ಮೋಟಾರ್ಸಿನಲ್ಲಿ ಹೆಸರು ಮಾಡಿ 1968ರಲ್ಲಿ ಫೋರ್ಡಿಗೆ ಬಂದರು. ಅಲ್ಲಿ 1969ರ ಮಸ್ಟಾಂಗನ್ನು ಬಾಸ್ 302 ಮಾಡುವ ಕೆಲಸ ಸಿಕ್ಕಿತು. ಆ ವರ್ಷದ ಫಾಸ್ಟ್‌ಬ್ಯಾಕ್ ಮಸ್ಟಾಂಗಿನ ಹಿಂಬದಿಯ ಮಡ್‌ಗಾರ್ಡಿನ ಮೇಲೆ, ಬಾಗಿಲಿನ ಹಿಂದೆ, ಗಾಳಿಬಾಯಿಯಂಥ ಒಂದು ಅಲಂಕಾರವಿತ್ತು. ಗಾಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಬಾಸ್ 302ರಲ್ಲಿ ಶಿನೋಡ ಅದನ್ನು ಕಿತ್ತುಹಾಕಿಸಿದರು. ಬದಲಿಗೆ ಮುಂದೆ ನೆಲದ ಹತ್ತಿರ ಗಾಳಿ ತಡೆಯುವ ಒಂದು ಪಟ್ಟಿ, ಹಿಂದೆ ಡಿಕ್ಕಿಯ ಮೇಲೆ ಒಂದು ರೆಕ್ಕೆ, ಹಿಂಗಾಜಿನ ಮೇಲೆ ಕಪ್ಪು ಪಟ್ಟಿಗಳ ಜಾಲರಿ ಮತ್ತು ಸ್ಟಿಕ್ಕರಿನ ಗೆರೆಗಳನ್ನು ತಂದರು. ಸುಳ್ಳು ಬಾಯಿ ಹೋದ ಕ್ಷಣ ಆ ಹಿಂಬದಿಯ ತಗಡು ಎಷ್ಟು ತುಂಬಿದ ತಗಡು ಎಂದು ಕಾಣತೊಡಗಿತು. ಎರಡೂ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿದ ಫೋಟೊ ಸಿಕ್ಕರೆ ಒಮ್ಮೆ ನೋಡಿ. ಬಾಡಿ ವಿನ್ಯಾಸದ ಬಗ್ಗೆ ಒಂದು ವರ್ಷ ಓದಿದಷ್ಟು ಅದರಲ್ಲಿ ಸಿಗುತ್ತದೆ.

ಗಾಳಿಬಾಯಿಗಳ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ಬಾನೆಟ್ಟಿನ ಮೇಲೆ ಉಬ್ಬು ಮಾಡಿಸಬೇಕು ಎನ್ನುವವರು ಬಹಳ. ಆ ಉಬ್ಬು ಯಾವ ಕಡೆ ಬಾಯಿ ತೆರೆಯಬೇಕು ಎಂದು ಯೋಚಿಸುವವರು ಕಡಿಮೆ. 1969ರ ಕ್ಯಾಮರೊಗೆ ಕೌಲ್ ಇಂಡಕ್ಷನ್ ಎಂಬ ಬಾನೆಟ್ಟು ಸಿಗುತ್ತಿತ್ತು. ಅದರ ಬಾಯಿ ಹಿಂದಕ್ಕೆ, ಮುಂಗಾಜಿನ ಕಡೆಗೆ ತಿರುಗಿದೆ. ಓಡುವ ಕಾರಿನ ಮೇಲೆ ಹಾಯುವ ಗಾಳಿ ಮುಂಗಾಜಿನ ಬುಡಕ್ಕೆ ಬಡಿದು ಅಲ್ಲಿ ಒತ್ತಡ ಹೆಚ್ಚುತ್ತದೆ. ಆ ಒತ್ತಡವೇ ಗಾಳಿಯನ್ನು ಎಂಜಿನ್ನಿಗೆ ನೂಕುತ್ತದೆ. ಪಾಂಟಿಯಾಕ್ ಫೈರ್‌ಬರ್ಡ್ ಟ್ರಾನ್ಸ್ ಆಮ್ ಕಾರಿನ ಅಲುಗಾಡುವ ಗಾಳಿಬಾಯಿಯೂ ಹಿಂದಕ್ಕೇ ಮುಖ ಮಾಡಿತ್ತು. ಇದನ್ನು ಅರಿಯದೆ ಮುಂಗಾಜಿನ ಬುಡದಲ್ಲಿ ಎಂಜಿನ್ನಿನ ಬಿಸಿ ಹೊರಹೋಗಲಿ ಎಂದು ಕಿಂಡಿ ಕೊರೆಸಿದರೆ, ಬಿಸಿ ಹೊರಬರುವುದಿರಲಿ, ಹೊರಗಿನ ಗಾಳಿಯೇ ಒಳನುಗ್ಗುತ್ತದೆ. ಬಿಸಿ ಹೋಗಬೇಕಾದರೆ ಕಿಂಡಿ ಬಾನೆಟ್ಟಿನ ಮುಂಭಾಗದಲ್ಲಿ, ರೇಡಿಯೇಟರಿನ ಸ್ವಲ್ಪ ಹಿಂದೆ ಇರಬೇಕು, ಅಲ್ಲಿ ಒತ್ತಡ ಕಡಿಮೆ. ತಗಡಿನಲ್ಲಿ ತೂತು ಮಾಡಿಸುವಾಗ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನಿಮ್ಮ ಕೆಲಸಗಾರನನ್ನು ಕೇಳಿ. ಉತ್ತರ ಬರದಿದ್ದರೆ ಆ ತೂತು ಬೇಡ.

ಇಷ್ಟೆಲ್ಲ ಹೇಳಿದರೂ ಬಾಡಿಯ ಚಿತ್ರ ಬರೆಯಲು ಕೂರುವ ಮೊದಲು ನಿರ್ಧರಿಸಬೇಕಾದದ್ದು ಚಕ್ರ. ಈ ಕಾರುಗಳು ಹುಟ್ಟಿದ್ದು ಹೆಚ್ಚಾಗಿ 14 ಅಂಗುಲದ ಚಕ್ರಗಳ ಮೇಲೆ. ಇಂದಿನ ದೊಡ್ಡ ಡಿಸ್ಕ್ ಬ್ರೇಕು ಅದರೊಳಗೆ ಹಿಡಿಸುವುದಿಲ್ಲ. 17 ಅಥವಾ 18 ಅಂಗುಲವಾದರೂ ಬೇಕು. ಚಕ್ರ ದೊಡ್ಡದಾದರೆ ಕಮಾನಿಗೂ ಟೈರಿಗೂ ನಡುವಿನ ಸಂದು ಬದಲಾಗುತ್ತದೆ, ಕಾರು ಎಷ್ಟು ತಗ್ಗಿ ನಿಲ್ಲುತ್ತದೆ ಎನ್ನುವುದು ಬದಲಾಗುತ್ತದೆ, ಬಾಗಿಲಿನ ಕೆಳಗಿನ ಅಂಚು ನೆಲದಿಂದ ಎಷ್ಟು ಎತ್ತರ ಎನ್ನುವುದೂ ಬದಲಾಗುತ್ತದೆ. ಮೊದಲು ಮಡ್‌ಗಾರ್ಡ್ ಅಗಲ ಮಾಡಿಸಿ, ಆಮೇಲೆ ಚಕ್ರ ಹುಡುಕಲು ಹೊರಟವರನ್ನು ಬಲ್ಲೆ. ಟೈರು ಕಮಾನಿನೊಳಗೆ ಎಲ್ಲೋ ಕಳೆದುಹೋಗಿ, ಅಷ್ಟು ಖರ್ಚು ಮಾಡಿದ ಅಗಲ ಬರೀ ದಪ್ಪವಾಗಿ ಉಳಿಯಿತು. ಸಸ್ಪೆನ್ಷನ್ ಜೋಡಿಸಿ, ನಿಜವಾಗಿ ಹಾಕುವ ಟೈರನ್ನೇ ಹಾಕಿ, ಕಾರನ್ನು ಅದರ ಎತ್ತರಕ್ಕೆ ನಿಲ್ಲಿಸಿದ ಮೇಲಷ್ಟೇ ಸೀಮೆಸುಣ್ಣ ಕೈಗೆತ್ತಿಕೊಳ್ಳಬೇಕು.

ಹಿಂದಿನ ಟೈರು ಅಗಲವಾಗಬೇಕಾದರೆ ಎರಡು ದಾರಿಗಳಿವೆ. ಒಂದು, ಮಡ್‌ಗಾರ್ಡನ್ನು ಹೊರಕ್ಕೆ ಉಬ್ಬಿಸುವುದು. ಇನ್ನೊಂದು, ಒಳಗಿನ ಚಕ್ರದ ಗೂಡನ್ನು ಕತ್ತರಿಸಿ ಒಳಕ್ಕೆ ಸರಿಸುವುದು. ಹಿಂದಿನ ಸೀಟಿನ ಅಂಚು ಸ್ವಲ್ಪ ಹೋಗಬಹುದು, ಆದರೆ ಹೊರಮೈಯ ಒಂದು ಗೆರೆಯೂ ಕೆಡುವುದಿಲ್ಲ. ನನ್ನ ಮತ ಎರಡನೆಯದಕ್ಕೆ. ಹೊರಕ್ಕೇ ಬೇಕೆಂದಾದರೆ, ಉಬ್ಬು ಬಾಗಿಲಿನ ಅಂಚಿನಲ್ಲಿ ಸೊನ್ನೆಯಿಂದ ಶುರುವಾಗಿ ನಿಧಾನಕ್ಕೆ ಏರಬೇಕು, ಮೂಲ ಗೆರೆಯ ಕೆಳಗೇ ಇರಬೇಕು. 1969ರ ಕ್ಯಾಮರೊದಲ್ಲಿ ಎರಡೂ ಚಕ್ರದ ಕಮಾನುಗಳ ಮೇಲಿಂದ ಹಿಂದಕ್ಕೆ ಹರಿಯುವ ಒಂದು ಚೂಪು ಗೆರೆ ಇದೆ. ಆ ಒಂದೇ ವರ್ಷದ ಕಾರಿನ ಗುರುತು ಅದು. ಅದರ ಮೇಲೆ ಫೈಬರಿನ ಉಬ್ಬು ತಂದು ಸ್ಕ್ರೂ ಹೊಡೆದರೆ, ಆ ವರ್ಷದ ಕ್ಯಾಮರೊಗೆಂದೇ ಹುಡುಕಿ ಕೊಟ್ಟ ಹೆಚ್ಚಿನ ಬೆಲೆಗೆ ಅರ್ಥವೇ ಉಳಿಯುವುದಿಲ್ಲ. ಮಸ್ಟಾಂಗಿಗೆ ಬೇರೆ ಷಾಸಿ ಇಲ್ಲ, ತಗಡಿನ ಮೈಯೇ ಎಲುಬು ಎನ್ನುವುದೂ ನೆನಪಿರಲಿ. ಷೆವೆಲ್, ಜಿಟಿಒಗಳಿಗೆ ಕೆಳಗೆ ಪೂರ್ತಿ ಷಾಸಿ ಇದೆ. ಮಸ್ಟಾಂಗಿನ ಗೂಡು ಕತ್ತರಿಸುವಾಗ ಮೊದಲು ಆಧಾರದ ಪೈಪುಗಳನ್ನು ಅಡ್ಡಲಾಗಿ ಬೆಸೆದು ಮೈ ಜರುಗದಂತೆ ಹಿಡಿದಿಡಬೇಕು. ಇಲ್ಲದಿದ್ದರೆ ಆಮೇಲೆ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದೇ ಇಲ್ಲ.

ಮಿಷಿಗನ್ನಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ವಾರದ ಕೊನೆಗೆ ನಾನು ಹೋಗಿ ಕೂರುತ್ತಿದ್ದ ಒಂದು ಗ್ಯಾರೇಜಿತ್ತು. ಅಲ್ಲಿನ ಹಿರಿಯ ಕೆಲಸಗಾರರು ಜೀವಮಾನವಿಡೀ ತಗಡು ಬಡಿದವರು. ಯಾರಾದರೂ ಹೊಸ ಆಲೋಚನೆ ಹೊತ್ತು ಬಂದರೆ ಅವರು ಮೊದಲು ಮಾಡುತ್ತಿದ್ದದ್ದು ಕಾರನ್ನು ಹೊರಗೆ ತಳ್ಳಿಸಿ, ದೂರ ಹೋಗಿ, ಚಕ್ರದ ನಡುಭಾಗದ ಎತ್ತರಕ್ಕೆ ಕ್ಯಾಮರಾ ಹಿಡಿದು, ನೇರ ಪಕ್ಕದಿಂದ ಫೋಟೊ ತೆಗೆಯುವುದು. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದರೆ ಮೂತಿ ಉದ್ದವಾಗಿ, ಮಾಡು ಬಾಗಿ, ಗೆರೆಗಳೆಲ್ಲ ಸುಳ್ಳು ಹೇಳುತ್ತವೆ. ದೂರದಿಂದ ತೆಗೆದ ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಲ್ಲಿ ಬರೆಸುತ್ತಿದ್ದರು. ಒಪ್ಪಿಗೆಯಾದ ಗೆರೆಯನ್ನು ಕಾರಿನ ಮೈಮೇಲೆ ತೆಳುವಾದ ಅಂಟುಟೇಪಿನಿಂದ ಎಳೆದು, ಕೆಲವು ದಿನ ಹಾಗೇ ಬಿಟ್ಟುಬಿಡುತ್ತಿದ್ದರು. ಬೆಳಿಗ್ಗೆ ಕಾಫಿ ಹಿಡಿದು ಬರುವಾಗ ಒಮ್ಮೆ, ಸಂಜೆ ಓರೆ ಬಿಸಿಲಿನಲ್ಲಿ ಒಮ್ಮೆ ನೋಡುತ್ತಿದ್ದರು. ಟೇಪು ಅರ್ಧ ಅಂಗುಲ ಮೇಲಕ್ಕೆ, ಕಾಲು ಅಂಗುಲ ಕೆಳಕ್ಕೆ ಸರಿಯುತ್ತಲೇ ಇರುತ್ತಿತ್ತು. ಈಗ ಲೇಸರಿನಿಂದ ಇಡೀ ಕಾರನ್ನು ಅಳೆದು ಕಂಪ್ಯೂಟರಿನಲ್ಲಿ ಆಕಾರ ಕೊಟ್ಟು, ಫೋಮಿನ ಅಚ್ಚನ್ನು ಯಂತ್ರದಿಂದಲೇ ಕೆತ್ತಿಸುವ ಅನುಕೂಲ ಬಂದಿದೆ. ಎಡಬಲ ಒಂದೇ ಸಮ ಬರಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೂ ಪರದೆಯ ಮೇಲೆ ಚಂದ ಕಂಡ ಗೆರೆ ನಿಜವಾದ ಬಿಸಿಲಿಗೆ ಬಂದಾಗ ಬೇರೆಯೇ ಆಗುತ್ತದೆ. ಕಂಪ್ಯೂಟರು ಬಳಸಿದವರೂ ಕೊನೆಗೊಮ್ಮೆ ಟೇಪು ಹಚ್ಚಿ ನೋಡಲಿ.

ಗೆರೆ ತೀರ್ಮಾನವಾದ ಮೇಲೆ ತಗಡಿನ ಕೆಲಸ. ಈ ಕಾರುಗಳ ತಗಡು ಹೆಚ್ಚುಕಡಿಮೆ ಒಂದು ಮಿಲಿಮೀಟರು ದಪ್ಪ. ಉದ್ದಕ್ಕೂ ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಬಿಸಿಗೆ ಅಲೆಅಲೆಯಾಗಿ ಸೆಟೆದುಕೊಳ್ಳುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಸುಗೆ ಹಾಕಿ, ಆರಲು ಬಿಟ್ಟು, ಹಿಂದೆ ಕಬ್ಬಿಣದ ದಿಮ್ಮಿ ಒತ್ತಿಹಿಡಿದು ಸುತ್ತಿಗೆಯಿಂದ ತಟ್ಟಿ, ಮತ್ತೆ ಇನ್ನೊಂದು ಚುಕ್ಕೆ, ಹೀಗೆ ಮುಂದುವರಿಯಬೇಕು. ನಮ್ಮ ಊರುಗಳ ಟಿಂಕರಿಂಗ್ ಮೇಸ್ತ್ರಿಗಳು ಮಾಡುವುದೂ ಇದನ್ನೇ. ಕೊನೆಗೆ ಪುಟ್ಟಿ ಬೇಕೇ ಬೇಕು, ಪುಟ್ಟಿ ಹಾಕುವುದೇ ತಪ್ಪು ಎನ್ನುವುದು ಬರೀ ಮಾತು. ಆದರೆ ಅದು ಮೂರು ಮಿಲಿಮೀಟರು ದಾಟಬಾರದು. ಅದಕ್ಕಿಂತ ದಪ್ಪ ಪುಟ್ಟಿ ತಗಡಿನ ಜೊತೆ ಹಿಗ್ಗದೆ ಕುಗ್ಗದೆ, ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಮಾಡಿ ಮುಗಿಸಿದ ಕಾರು ಕೊಳ್ಳುವವರು ಬಟ್ಟೆ ಸುತ್ತಿದ ಒಂದು ಪುಟ್ಟ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಲಿ. ಅದು ಹಿಡಿಯದ ಕಡೆ ತಗಡಿಗಿಂತ ಪುಟ್ಟಿಯೇ ಹೆಚ್ಚು, ಇಲ್ಲವೇ ಅದು ಫೈಬರು.

ಬಾಗಿಲು, ಬಾನೆಟ್ಟು, ಡಿಕ್ಕಿಗಳ ಸುತ್ತಲಿನ ಸಂದು ನೋಡಿದರೆ ಕೆಲಸಗಾರ ಯಾರೆಂದು ಗೊತ್ತಾಗುತ್ತದೆ. ಕಾರ್ಖಾನೆಯಿಂದ ಬಂದಾಗ ಆ ಸಂದುಗಳು ಅಗಲವಾಗಿಯೂ ಅಂಕುಡೊಂಕಾಗಿಯೂ ಇದ್ದವು. ಒಳ್ಳೆಯ ಗ್ಯಾರೇಜಿನವರು ಬಾಗಿಲಿನ ಅಂಚಿಗೆ ತೆಳು ಕಂಬಿ ಬೆಸೆದು, ಅರದಿಂದ ಉಜ್ಜಿ, ಸುತ್ತಲೂ ಮೂರ್ನಾಲ್ಕು ಮಿಲಿಮೀಟರಿನ ಒಂದೇ ಸಮದ ಸಂದು ತರುತ್ತಾರೆ. ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಸಂದು ಹೊಂದಿಸುವಾಗ ಕಾರು ಸ್ಟ್ಯಾಂಡಿನ ಮೇಲಿರಬಾರದು. ಎಂಜಿನ್ನಿನ ಭಾರ ಸಮೇತ ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು, ಏಕೆಂದರೆ ಭಾರಕ್ಕೆ ಮೈ ಬಾಗುತ್ತದೆ. ಬಾಗಿಲಿನ ಹೊಸ ರಬ್ಬರು ಪಟ್ಟಿಯೂ ಆಗಲೇ ಹಾಕಿರಬೇಕು. ಬಣ್ಣವೆಲ್ಲ ಮುಗಿದ ಮೇಲೆ ರಬ್ಬರು ಹಾಕಿ, ಅದು ಬಾಗಿಲನ್ನು ಹೊರಕ್ಕೆ ನೂಕಿ, ಕನ್ನಡಿಯಂಥ ಮೈಯ ನಡುವೆ ಬಾಗಿಲಷ್ಟೇ ಉಬ್ಬಿ ನಿಂತ ಕಾರುಗಳು ಎಷ್ಟೋ ಇವೆ. ಬಣ್ಣಕ್ಕೂ ದಪ್ಪವಿದೆ, ಸಂದು ಬಿಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಾಡನ್ನು ತಗ್ಗಿಸುವ ಆಸೆಯೂ ಕೆಲವರಿಗಿದೆ. ಸ್ಯಾಮ್ ಬ್ಯಾರಿಸ್ ಮತ್ತು ಜಾರ್ಜ್ ಬ್ಯಾರಿಸ್ ಸಹೋದರರು 1951ರ ಮರ್ಕ್ಯುರಿ ಕಾರಿನ ಮಾಡು ತಗ್ಗಿಸಿ ಮಾಡಿದ ಹಿರೊಹಾಟ ಮರ್ಕ್ ಈ ಪರಂಪರೆಯ ಶಿಖರ. ಆದರೆ ಅರವತ್ತರ ಫಾಸ್ಟ್‌ಬ್ಯಾಕಿನ ಲೆಕ್ಕ ಬೇರೆ. ಕಂಬಗಳು ವಾಲಿರುವುದರಿಂದ ನಡುವೆ ಎರಡಂಗುಲ ತೆಗೆದರೆ ಮೇಲಿನ ತುದಿಗೆ ಕೆಳಗಿನ ಬುಡ ಕೂಡಿಬರುವುದಿಲ್ಲ, ಮಾಡನ್ನೇ ಸೀಳಿ ಉದ್ದ ಮಾಡಬೇಕು. ಪಕ್ಕದ ಗಾಜುಗಳು ಹದಗೊಳಿಸಿದ ಗಾಜು, ಕತ್ತರಿಸಲು ಹೋದರೆ ಪುಡಿಯಾಗುತ್ತವೆ. ಅವನ್ನು ಹೊಸದಾಗಿಯೇ ಮಾಡಿಸಬೇಕು. ಇಷ್ಟೆಲ್ಲ ಮಾಡಿ ಸಿಗುವುದು, ಆಗಲೇ ತಗ್ಗಾಗಿರುವ ಕಾರಿನಲ್ಲಿ ತಲೆ ತಾಗುವ ಮಾಡು. ಬೇಡ.

ಹೊಸ ಭಾಗ ಬೇಕೇ ಆದಾಗ ಅದೇ ಕಾಲದ, ಸಾಧ್ಯವಾದರೆ ಅದೇ ಮನೆತನದ ಕಾರಿನಲ್ಲಿ ಹುಡುಕಿ. ಕೊರೊನೆಟ್ಟಿನ ಗ್ರಿಲ್ಲು ಚಾರ್ಜರ್ 500ಕ್ಕೆ ಒಗ್ಗಿದ ಮಾತು ಆಗಲೇ ಬಂತು. ಕ್ಯಾರಲ್ ಶೆಲ್ಬಿ ಅವರ 1967ರ ಮಸ್ಟಾಂಗುಗಳಲ್ಲಿ ಮೂತಿ ಫೈಬರಿನದು, ಹಿಂದಿನ ದೀಪಗಳು ಫೋರ್ಡ್ ಬಳಗದ ಮರ್ಕ್ಯುರಿ ಕೂಗರ್ ಕಾರಿನವು. ಎರವಲು ಎಂದು ಹೇಳದೆ ಗೊತ್ತಾಗುವುದಿಲ್ಲ, ಒಂದೇ ಕಾಲದ ಕೈಗಳು ಬರೆದ ಆಕಾರಗಳವು. ಎಲ್‌ಇಡಿ ಪಟ್ಟಿಯ ಇಂದಿನ ದೀಪ ತಂದು ಅಲ್ಲಿ ಕೂರಿಸಿದರೆ ಕಣ್ಣಿಗೆ ಚುಚ್ಚುತ್ತದೆ.

2000ದಲ್ಲಿ ಬಂದ ‘ಗಾನ್ ಇನ್ 60 ಸೆಕೆಂಡ್ಸ್’ ಚಿತ್ರದ ಎಲಿನಾರ್ ಎಂಬ ಮಸ್ಟಾಂಗಿನ ಬಗ್ಗೆ ಬರೆಯದಿದ್ದರೆ ಓದುಗರು ಬಿಡುವುದಿಲ್ಲ. ಸ್ಟೀವ್ ಸ್ಟ್ಯಾನ್‌ಫರ್ಡ್ ಬರೆದ ಚಿತ್ರಕ್ಕೆ ಚಿಪ್ ಫೂಸ್ ರೂಪ ತುಂಬಿದರು. ಉಬ್ಬಿದ ಕಮಾನು, ಮೂತಿಯ ನಡುವೆ ಜೋಡಿ ದೀಪ, ಬೂದುಬಣ್ಣ, ಕಪ್ಪು ಪಟ್ಟೆ. ಆ ಒಂದು ಕಾರು ಬಹಳ ಚೆನ್ನಾಗಿದೆ. ಅಂದಿನಿಂದ ಅದರ ಫೈಬರ್ ಭಾಗಗಳ ಕಿಟ್ಟು ಕೊಂಡು ಹಾಕಿದ ನಕಲುಗಳಿಗೆ ಲೆಕ್ಕವಿಲ್ಲ. ಪ್ರತಿ ಆಗಸ್ಟಿನಲ್ಲಿ ಡೆಟ್ರಾಯಿಟ್ಟಿನ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ನಡೆಯುವ ಡ್ರೀಮ್ ಕ್ರೂಸ್ ಮೆರವಣಿಗೆಗೆ ಹೋದರೆ ಅವು ಒಂದರ ಹಿಂದೊಂದು ಹಾದುಹೋಗುತ್ತವೆ. ‘ನನ್ನದೇ ರೀತಿ’ ಎಂದು ಕೇಳಿ ಬರೆದವರು ಇನ್ನೊಬ್ಬರು ಸಿನಿಮಾಕ್ಕೆಂದು ಬರೆದ ಮೈಯನ್ನು ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವುದು ನನಗೆ ಬೇಸರದ ವಿಷಯ.

ಹಾಗಾದರೆ ದೊಡ್ಡ ಬದಲಾವಣೆಗೆ ಜಾಗವೇ ಇಲ್ಲವೇ ಎಂದರೆ, ಇದೆ. ವಿಸ್ಕಾನ್ಸಿನ್ನಿನ ಸ್ಪ್ರಿಂಗ್ ಗ್ರೀನ್ ಎಂಬ ಸಣ್ಣ ಊರಿನಲ್ಲಿ ಜಿಮ್ ಮತ್ತು ಮೈಕ್ ರಿಂಗ್ ಸಹೋದರರ ಗ್ಯಾರೇಜಿದೆ. 2017ರಲ್ಲಿ ಲಾಸ್ ವೇಗಸ್ಸಿನ ಸೀಮಾ (SEMA) ಕಾರು ಪ್ರದರ್ಶನಕ್ಕೆ ಅವರು 1972ರ ಎಎಂಸಿ ಜಾವೆಲಿನ್ ಒಂದನ್ನು ತಂದರು. ಆ ಮಾದರಿಯ ಮೂತಿ ಮುಂದಿನ ಚಕ್ರಕ್ಕಿಂತ ಬಹಳ ಮುಂದಕ್ಕೆ ಚಾಚಿ ಭಾರವಾಗಿ ಕಾಣುತ್ತಿತ್ತು. ಅವರು ಚಕ್ರವನ್ನೇ ಮುಂದಕ್ಕೆ ಸರಿಸಿದರು, ಮೈಯನ್ನು ಅಗಲಿಸಿದರು, ಎಷ್ಟೋ ಭಾಗಗಳನ್ನು ಕಾರ್ಬನ್ ಫೈಬರಿನಲ್ಲಿ ಮಾಡಿದರು. ಆದರೂ ಅದು ಥಟ್ಟನೆ ಜಾವೆಲಿನ್ ಎಂದೇ ತಿಳಿಯುತ್ತದೆ, ಏಕೆಂದರೆ ಆ ಮಾದರಿಯ ಗುರುತಾದ ಮಡ್‌ಗಾರ್ಡಿನ ಎತ್ತರದ ಉಬ್ಬುಗಳನ್ನು ಅವರು ಬಿಟ್ಟುಕೊಡಲಿಲ್ಲ. ವಿನ್ಯಾಸಕಾರನ ಗೆರೆ ಯಾವುದು, ಕಟ್ಟುಬಿದ್ದದ್ದು ಯಾವುದು ಎಂದು ಬೇರ್ಪಡಿಸುವ ಕಣ್ಣಿದ್ದರೆ ಇಷ್ಟು ದೂರವೂ ಹೋಗಬಹುದು.

ಯಾವ ಕಾರಿಗೆ ಕತ್ತರಿ ಹಾಕಬೇಕು ಎನ್ನುವುದರಲ್ಲಿ ಮಾತ್ರ ನನಗೆ ಎರಡು ಮಾತಿಲ್ಲ. 1969ರ ಝಡ್‌ಎಲ್1 ಕ್ಯಾಮರೊ ತಯಾರಾದದ್ದು ಕೇವಲ 69. ಅಂಥ ಕಾರು, ಅಥವಾ ಎಂಜಿನ್ ಸಂಖ್ಯೆಯೂ ಮೈಯ ಸಂಖ್ಯೆಯೂ ಕಾರ್ಖಾನೆಯಲ್ಲಿ ಬಿದ್ದಂತೆಯೇ ಕೂಡಿಬರುವ ಕಾರು ನಿಮ್ಮ ಕೈಗೆ ಬಂದರೆ, ಹಾಗೇ ಕಾಪಾಡಿ ಮುಂದಿನವರಿಗೆ ಕೊಡಿ. 1966ರ ಮಸ್ಟಾಂಗುಗಳು 6 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಆರು ಸಿಲಿಂಡರಿನ, ತಳ ತುಕ್ಕು ಹಿಡಿದ, ಎಂಜಿನ್ ಎಂದೋ ಬದಲಾದ ಒಂದು ಮಸ್ಟಾಂಗು ಹುಡುಕಿಕೊಳ್ಳಿ. ಅದಕ್ಕೆ ನಿಮ್ಮ ಕೈ ತಾಗಿದರೆ ಯಾರಿಗೂ ನಷ್ಟವಿಲ್ಲ.

ಬೆಂಗಳೂರು ಮೈಸೂರುಗಳಿಂದ ಇದೇ ಪ್ರಶ್ನೆ ಕೇಳುವವರಿಗೆ ನನ್ನ ಉತ್ತರ ಬೇರೆ. ನಮ್ಮ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮದಲ್ಲಿ, 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರಗಳುಳ್ಳ ವಿಶೇಷ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಕಾರು ಮೂಲರೂಪದಲ್ಲೇ ಇರಬೇಕು, ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮಿಷಿಗನ್ನಿನಲ್ಲಿ ಇರುವವರು ಟೇಪು ಹಚ್ಚಿ ನೋಡಿ, ಅವಸರ ಮಾಡದೆ ಕತ್ತರಿ ಹಾಕಿಸಿ. ಇಲ್ಲಿ ಹಳೆಯ ಅಮೆರಿಕನ್ ಕಾರು ಇರುವವರು ಹಣವನ್ನು ತುಕ್ಕು ತೆಗೆಸಲು, ಸಂದು ಸರಿಪಡಿಸಲು, ಬಣ್ಣಕ್ಕೆ ಮತ್ತು ರಬ್ಬರಿಗೆ ಖರ್ಚು ಮಾಡಿ. ಮೈಯ ಆಕಾರವನ್ನು ಮುಟ್ಟಬೇಡಿ.